ಬಂಕಲ್ಲಿ ಪ್ರೀಮಿಯಂ ಪೆಟ್ರೋಲ್ ಹಾಕಿಸುವುದರಲ್ಲಿ ಎಂತಾದ್ರೂ ಅರ್ಥ ಉಂಟಾ?

ಉಜಿರೆ_ಟರ್ಬೊ

ಎಲ್ಲರಿಗೂ ನಮಸ್ಕಾರ. ಎಂಟು ತಿಂಗಳ ಹಿಂದೆ ಟರ್ಬೊ ಪೆಟ್ರೋಲ್ ಕಾರು ತಗೊಂಡದ್ದು. 1 ಲೀಟರ್, ಮೂರು ಸಿಲಿಂಡರ್, ಮ್ಯಾನುವಲ್ ಗೇರ್. ನಮ್ಮ ಕಡೆ ಬಂಕಿನಲ್ಲಿ ಈಗ ಒಂದು ಹೊಸ ಅಭ್ಯಾಸ ಶುರುವಾಗಿದೆ. ಹುಡುಗ ಕೇಳುವುದೇ ಇಲ್ಲ, ಪ್ರೀಮಿಯಂ ನಾಜಲ್ ಕೈಯಲ್ಲಿ ಹಿಡ್ಕೊಂಡೇ "ಸರ್ ಫುಲ್ಲಾ?" ಅಂತಾನೆ. ಮೊನ್ನೆ 2000 ರೂಪಾಯಿಗೆ ಹಾಕಿಸಿ, ಬಿಲ್ಲಲ್ಲಿ 18 ಲೀಟರ್ ಚಿಲ್ಲರೆ ನೋಡಿದ ಮೇಲೆಯೇ ನನಗೆ ಗೊತ್ತಾದದ್ದು. ಸಾಮಾನ್ಯದ್ದು ಹಾಕಿಸಿದ್ದರೆ 19ರ ಮೇಲೆ ಬರ್ತಿತ್ತು.

ಅದು ಹೋಗಲಿ ಬಿಡಿ. ನನ್ನ ನಿಜವಾದ ಸಮಸ್ಯೆ ಬೇರೆ. ಚಾರ್ಮಾಡಿ ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಸ್ವಲ್ಪ ಕಾಲು ಒತ್ತಿದರೆ ಮುಂದುಗಡೆಯಿಂದ ಕಿರಿಕಿರಿ ಸದ್ದು ಬರ್ತದೆ, ತಗಡಿನ ಡಬ್ಬಿಯಲ್ಲಿ ಕಡಲೆಕಾಳು ಅಲ್ಲಾಡಿಸಿದ ಹಾಗೆ. ಸರ್ವೀಸ್ ಸೆಂಟರಿನವರಿಗೆ ಹೇಳಿದ್ರೆ "ನಾಕಿಂಗ್ ಇರ್ಬೇಕು ಸರ್, ಪ್ರೀಮಿಯಂ ಹಾಕಿ ನೋಡಿ" ಅಂದ್ರು. ಎರಡು ಟ್ಯಾಂಕ್ ಹಾಕಿ ನೋಡಿದೆ. ಸದ್ದು ಸ್ವಲ್ಪ ಕಡಿಮೆ ಆದ ಹಾಗೆ ಅನಿಸ್ತದೆ, ಆದರೆ ಅದು ನನ್ನ ಮನಸ್ಸಿಗೆ ಅನಿಸುವುದಾ ನಿಜವಾಗಿ ಹೌದಾ ಗೊತ್ತಾಗುವುದಿಲ್ಲ. ಕಾರಿನ ಪುಸ್ತಕದಲ್ಲಿ "ಕನಿಷ್ಠ 91 ಆಕ್ಟೇನ್" ಅಂತ ಉಂಟು. ಗೊತ್ತಿದ್ದವರು ಹೇಳಿ ಮಾರಾಯ್ರೆ.

390_ಸವಾರ

ಕಣ್ಣು ಮುಚ್ಕೊಂಡು ಪ್ರೀಮಿಯಂ ಹಾಕ್ಸಿ ಬ್ರೋ. ನಾನು ಒಂದು ಸಲ 100 ಆಕ್ಟೇನ್ ಹಾಕ್ಸಿದ್ದೆ, ಬೈಕ್ ಬೆಣ್ಣೆ ತರ ಓಡ್ತು. ಪಿಕಪ್ಪೂ ಜಾಸ್ತಿ, ಮೈಲೇಜೂ 3 ಕಿಲೋಮೀಟರ್ ಜಾಸ್ತಿ ಬಂತು. ಆಕ್ಟೇನ್ ಜಾಸ್ತಿ ಅಂದ್ರೆ ಪವರ್ ಜಾಸ್ತಿ, ಇಷ್ಟೇ ಲೆಕ್ಕ.

ಹಳೇ_ಆರೆಕ್ಸ್

ಗುರು, ಆಕ್ಟೇನ್ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅನ್ನೋ ಮಾತನ್ನ ನಾನೂ ನಂಬಿದ್ದೆ. ನನ್ನ ಹತ್ರ 92ರ ಆರ್‌ಎಕ್ಸ್ 100 ಇದೆ, ಮೈಸೂರಲ್ಲಿ ಎಲ್ಲಿ ನಿಲ್ಲಿಸಿದ್ರೂ ಇಬ್ರು ಬಂದು ರೇಟ್ ಕೇಳ್ತಾರೆ. ಅದಕ್ಕೆ ಎರಡು ತಿಂಗಳು ಪ್ರೀಮಿಯಂ ಕುಡಿಸಿದೆ. ಏನೂ ಆಗ್ಲಿಲ್ಲ ಕಣ್ರೀ. ಆಮೇಲೆ ಒಬ್ರು ಹೇಳಿದ್ರು, ಆ ಇಂಜಿನ್ನಿನ ಕಂಪ್ರೆಷನ್ 6.7ಕ್ಕೆ 1. ಇವತ್ತಿನ ಆರ್15 ಇಂಜಿನ್ನಿಂದು 11.6ಕ್ಕೆ 1. ನನ್ನ ಗಾಡಿ ಯಾವ ಪೆಟ್ರೋಲನ್ನೂ ಅಷ್ಟು ಹಿಂಡೋದೇ ಇಲ್ಲ, ಇನ್ನು ನಾಕ್ ಎಲ್ಲಿಂದ ಆಗ್ಬೇಕು? ಅದಕ್ಕೆ 100 ಆಕ್ಟೇನ್ ಹಾಕೋದು ಅಂದ್ರೆ ಎಮ್ಮೆಗೆ ಬಾದಾಮಿ ಹಾಲು ಕುಡಿಸಿದ ಹಾಗೆ.

ಸ್ಪ್ಯಾನರ್_ಸೀನಣ್ಣ

ಉಜಿರೆಯವರೇ, ಮೊದಲು ಒಂದು ಪ್ರಶ್ನೆ. ಆ ಸದ್ದು ಎಷ್ಟು ಆರ್‌ಪಿಎಂಗೆ ಬರುತ್ತೆ? ಎರಡನೇ ಗೇರಿಗೆ ಇಳಿಸಿದ್ರೆ ನಿಲ್ಲುತ್ತಾ? ನಿಂತಿರೋ ಗಾಡೀಲಿ ನ್ಯೂಟ್ರಲ್‌ನಲ್ಲಿ ರೈಸ್ ಮಾಡಿದ್ರೆ ಬರುತ್ತಾ?

ಕೇಳೋಕೆ ಕಾರಣ ಇದೆ. ಹಾಸನದಲ್ಲಿ ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸ್ತಿದೀನಿ. ನಿಜವಾದ ನಾಕಿಂಗ್ ಸದ್ದನ್ನ ಇವತ್ತಿನ ಕಾರಲ್ಲಿ ಕೇಳೋದೇ ಅಪರೂಪ. ನಾವು ಕೆಲಸ ಕಲಿತಾಗ ಬಂಕಲ್ಲಿ 87, 93 ಅಂತ ಎರಡು ಪೆಟ್ರೋಲ್ ಇತ್ತು. ಆಗ ಗಾಡಿ ಕಟಕಟ ಅಂದ್ರೆ ಡಿಸ್ಟ್ರಿಬ್ಯೂಟರ್ ಬೋಲ್ಟ್ ಲೂಸ್ ಮಾಡಿ, ಕೈಯಲ್ಲೇ ಒಂದು ಕೂದಲೆಳೆ ತಿರುಗಿಸಿ ಟೈಮಿಂಗ್ ಹಿಂದಕ್ಕೆ ಇಡ್ತಿದ್ವಿ. ಕಿವೀನೇ ಮೀಟರು. ಈಗ ಆ ಕೆಲಸ ಇಂಜಿನ್ ಬ್ಲಾಕಿಗೆ ಕಚ್ಚಿಕೊಂಡಿರೋ ನಾಕ್ ಸೆನ್ಸರ್ ಮಾಡುತ್ತೆ. ಒಂದು ಹೆಬ್ಬೆರಳಿನಷ್ಟು ಗಾತ್ರ ಅಷ್ಟೆ. ಬ್ಲಾಕ್ ನಡುಗೋದನ್ನ ಕೇಳಿಸ್ಕೊಂಡು ಇಸಿಯುಗೆ, ಅಂದ್ರೆ ಇಂಜಿನ್ನಿನ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತೆ, ಇಸಿಯು ತಕ್ಷಣ ಕಿಡಿ ಹೊತ್ತೋ ಹೊತ್ತನ್ನ ಹಿಂದಕ್ಕೆ ತಳ್ಳುತ್ತೆ. ನಿಮಗೆ ಸದ್ದು ಕೇಳೋಷ್ಟರಲ್ಲಿ ಅದು ನಿಂತೇ ಹೋಗಿರುತ್ತೆ. ಕಿಡಿ ತಡ ಆದದ್ದಕ್ಕೆ ಸ್ವಲ್ಪ ಪಿಕಪ್ ಹೋಗುತ್ತೆ, ಸ್ವಲ್ಪ ಮೈಲೇಜ್ ಹೋಗುತ್ತೆ.

ಹಾಗಾಗಿ ಘಾಟಿ ಹತ್ತೋವರೆಗೂ ಸದ್ದು ಬರ್ತಾನೇ ಇದೆ ಅಂದ್ರೆ ನನಗೆ ಅನುಮಾನ. ಒಂದ್ಸಲ ಗಾಡಿ ಲಿಫ್ಟಿಗೆ ಹಾಕ್ಸಿ ಸೈಲೆನ್ಸರ್ ಕಡೆ ನೋಡಿಸಿ.

ಕೆಮಿಸ್ಟ್ರಿ_ಮೇಷ್ಟ್ರು

ಸೀನಣ್ಣ ಹೇಳಿದ್ದು ಸರಿ. ಆಕ್ಟೇನ್ ಅಂದ್ರೆ ಏನು ಅನ್ನೋದು ಇಲ್ಲಿ ಯಾರೂ ಹೇಳಲಿಲ್ಲ, ಅದನ್ನ ನಾನು ಹೇಳ್ತೀನಿ. ಪಾಠ ಮಾಡೋ ಚಟ, ಕ್ಷಮಿಸಿ.

ಪೆಟ್ರೋಲ್ ಗಾಳಿ ಮಿಶ್ರಣ ಪ್ಲಗ್ಗಿನ ಕಿಡಿಯಿಂದ ಹೊತ್ತಿಕೊಳ್ಳಬೇಕು. ಆ ಬೆಂಕಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹರಡ್ತಾ ಹೋಗಬೇಕು. ಅದು ಹರಡೋ ಅಷ್ಟರಲ್ಲೇ ಮೂಲೆಯಲ್ಲಿ ಉಳಿದಿರೋ ಮಿಶ್ರಣ ಒತ್ತಡಕ್ಕೆ, ಕಾವಿಗೆ ತಡೀಲಾರದೆ ತಾನಾಗಿ ಸಿಡಿದರೆ ಅದೇ ನಾಕಿಂಗ್. ಹಾಗೆ ಸಿಡಿಯದೆ ತಡೆದುಕೊಳ್ಳೋ ಶಕ್ತಿಯ ಅಳತೆ ಆಕ್ಟೇನ್. ಐಸೋಆಕ್ಟೇನ್ ಅನ್ನೋ ದ್ರವಕ್ಕೆ 100, ನಾರ್ಮಲ್ ಹೆಪ್ಟೇನ್‌ಗೆ 0 ಅಂತ 1920ರ ದಶಕದಲ್ಲಿ ಗುರುತು ಹಾಕಿದರು. 91 ಆಕ್ಟೇನ್ ಪೆಟ್ರೋಲ್ ಅಂದರೆ 91 ಪಾಲು ಐಸೋಆಕ್ಟೇನ್, 9 ಪಾಲು ಹೆಪ್ಟೇನ್ ಬೆರೆಸಿದ ದ್ರವ ಎಷ್ಟು ತಡೆಯುತ್ತೋ ಅಷ್ಟೇ ತಡೆಯುತ್ತೆ ಅಂತ. ಅದರಲ್ಲಿ ಅಷ್ಟು ಐಸೋಆಕ್ಟೇನ್ ಇದೆ ಅಂತ ಅಲ್ಲ. ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷ ತಪ್ಪು ಮಾಡೋದು ಇಲ್ಲೇ.

ಇದರಲ್ಲಿ ಶಕ್ತಿಯ ಮಾತೇ ಬರೋದಿಲ್ಲ ನೋಡಿ. ಎಥನಾಲ್‌ನ ಆಕ್ಟೇನ್ 108ರ ಆಸುಪಾಸು. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿ ಇರೋ ಶಾಖ ಪೆಟ್ರೋಲಿಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ. ಆಕ್ಟೇನ್ ಜಾಸ್ತಿ ಅಂದ್ರೆ ಪವರ್ ಜಾಸ್ತಿ ಅನ್ನೋ ಲೆಕ್ಕ ಅಲ್ಲೇ ಬಿದ್ದುಹೋಯ್ತಲ್ಲ? ಹೆಚ್ಚು ಆಕ್ಟೇನ್ ಇದ್ದರೆ ಇಂಜಿನ್ ತಯಾರಿಸೋರು ಕಂಪ್ರೆಷನ್ ಜಾಸ್ತಿ ಮಾಡಬಹುದು, ಟರ್ಬೊದಿಂದ ಹೆಚ್ಚು ಗಾಳಿ ತುರುಕಬಹುದು. ಪವರ್ ಬರೋದು ಅದರಿಂದ.

390_ಸವಾರ

ಮೇಷ್ಟ್ರೇ ಥಿಯರಿ ಎಲ್ಲ ಸರಿ. ನಂಗೆ 3 ಕಿಲೋಮೀಟರ್ ಮೈಲೇಜ್ ಜಾಸ್ತಿ ಬಂದಿದ್ದು ಸುಳ್ಳಾ?

ಮಧ್ಯಮವರ್ಗದ_ಲೆಕ್ಕ

ಸುಳ್ಳು ಅಂತ ಯಾರು ಹೇಳಿದ್ರು ಸ್ವಾಮಿ? ಎಷ್ಟು ಟ್ಯಾಂಕ್ ಹಾಕಿದ್ರಿ? ಒಂದೇ ಅಂತ ನೀವೇ ಬರೆದಿದ್ದೀರಿ. ಮೀಟರ್ ತೋರಿಸಿದ್ದಾ, ಫುಲ್ ಟು ಫುಲ್ ಅಳೆದಿದ್ದಾ? ಒಂದು ಬಂಕಲ್ಲಿ ನಾಜಲ್ ಟಕ್ ಅಂತ ಬೇಗ ಕಟ್ಟಾಗುತ್ತೆ, ಇನ್ನೊಂದರಲ್ಲಿ ಹುಡುಗ ಬೈಕ್ ಅಲ್ಲಾಡಿಸಿ ಇನ್ನರ್ಧ ಲೀಟರ್ ತುಂಬಿಸ್ತಾನೆ. ಬೈಕಿನ ಸಣ್ಣ ಟ್ಯಾಂಕಿನಲ್ಲಿ ಅಷ್ಟರಲ್ಲೇ 2, 3 ಕಿಲೋಮೀಟರ್ ಆಚೀಚೆ ಆಗಿಹೋಗುತ್ತೆ. ಜೊತೆಗೆ 100 ಆಕ್ಟೇನ್ ಹಾಕಿದ ದಿನ ಕೈ ತಾನಾಗಿಯೇ ಹಗುರ ಆಗುತ್ತೆ, ಲೀಟರಿಗೆ ಅಷ್ಟೊಂದು ಕೊಟ್ಟು ಯಾರು ತಿರುಚ್ತಾರೆ? 2020ರ ಡಿಸೆಂಬರಲ್ಲಿ ಎಕ್ಸ್‌ಪಿ100 ಅನ್ನೋ 100 ಆಕ್ಟೇನ್ ಪೆಟ್ರೋಲ್ ಬಂದಾಗಲೇ ಲೀಟರಿಗೆ 160 ರೂಪಾಯಿ.

ನನ್ನ ಲೆಕ್ಕ 95 ಆಕ್ಟೇನ್ ಪ್ರೀಮಿಯಂದು. ಸಾಮಾನ್ಯ ಪೆಟ್ರೋಲ್ 103, ಪ್ರೀಮಿಯಂ 110.50 ಅಂತ ಇಟ್ಕೊಳ್ಳಿ. ವ್ಯತ್ಯಾಸ ಏಳೂವರೆ ರೂಪಾಯಿ, ನೂರಕ್ಕೆ 7.3. ಅಸಲು ಬರಬೇಕಾದರೆ 15 ಕೊಡೋ ಕಾರು 16.1 ಕೊಡಬೇಕು. ತಿಂಗಳಿಗೆ 1000 ಕಿಲೋಮೀಟರ್ ಓಡಿಸೋರಿಗೆ ತಿಂಗಳಿಗೆ 500, ವರ್ಷಕ್ಕೆ 6000 ರೂಪಾಯಿ. ಆ ದುಡ್ಡಲ್ಲಿ ಒಂದು ಸರ್ವೀಸ್ ಆಗುತ್ತೆ.

ಇದರಲ್ಲಿ ಸರ್ಕಾರದ್ದೂ ಪಾಲು ಇದೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ನಮ್ಮ ರಾಜ್ಯದ ಮಾರಾಟ ತೆರಿಗೆ ಶೇಕಡಾವಾರು ಲೆಕ್ಕದ್ದು, 2024ರ ಜೂನಲ್ಲಿ ಅದನ್ನ 25.92ರಿಂದ 29.84ಕ್ಕೆ ಏರಿಸಿದ್ರು. ಪೆಟ್ರೋಲ್ ದುಬಾರಿ ಆದಷ್ಟೂ ತೆರಿಗೆಯೂ ಜಾಸ್ತಿ.

ಹುಬ್ಳಿ_ಮಂದಿ

ಎಲ್ಲಾರೂ 91, 95 ಅಂತ ಬಡದಾಡಾಕತ್ತೀರಿ. ಈಗ ಬರೋ ಪೆಟ್ರೋಲ್ ಎಲ್ಲಾ ಇ20, ಅಂದ್ರ ನೂರಕ್ಕ 20 ಪಾಲು ಎಥನಾಲ್ ಬೆರಸಿದ್ದು ಐತಿ ಅನ್ನೂದು ಮರತ್ರೇನು? ನನ್ನ 2012ರ ಬೈಕ್ ಮದ್ಲ 60 ಕೊಡ್ತಿತ್ತು, ಈಗ 55 ದಾಟವಲ್ದು. ಮ್ಯಾಲೆ ಕಾರ್ಬ್ಯುರೇಟರ್‌ದಾಗಿನ ರಬ್ಬರ್ ವರ್ಷದಾಗ ಎರಡ ಸಲ ಬದಲಿ ಮಾಡ್ಸೇನಿ. ಹಂಗಂತ ಎಥನಾಲ್‌ಗೆ ಬೈಯ್ಯಾಕ ಬಾಯಿ ಬರವಲ್ದು, ನಮ್ಮ ಅಣ್ಣನ ಕಬ್ಬು ಹೋಗೂದು ಅದಕ್ಕ. ಒಂದ ಮನ್ಯಾಗ ಕಬ್ಬಿನ ಬಿಲ್ಲೂ ಬರ್ತೈತಿ, ಗ್ಯಾರೇಜ್ ಬಿಲ್ಲೂ ಬರ್ತೈತಿ.

ಪ್ರೀಮಿಯಂದಾಗ ಎಥನಾಲ್ ಇರೂದಿಲ್ಲ ಅಂತ ಒಬ್ಬ ದೋಸ್ತ ಹೇಳ್ತಾನ. ಖರೇ ಏನ್ರಿ?

ಕೆಮಿಸ್ಟ್ರಿ_ಮೇಷ್ಟ್ರು

ಒಳ್ಳೇ ಪ್ರಶ್ನೆ ರೀ. ಬಾಯಿಮಾತಲ್ಲಿ ಹೇಳೋ ಬದಲು ನೆನ್ನೆ ಕಾಲೇಜಿನ ಎರಡು ಅಳತೆ ಜಾಡಿ ತಗೊಂಡು ಮಾಡೇ ನೋಡಿದೆ. ಒಂದೇ ಬಂಕಿನಿಂದ ಸಾಮಾನ್ಯದ್ದು, ಪ್ರೀಮಿಯಂ 95 ಎರಡನ್ನೂ ತಂದು, ಒಂದೊಂದು ಗಾಜಿನ ಜಾಡಿಗೆ 80 ಮಿಲಿಲೀಟರ್ ಪೆಟ್ರೋಲ್, 20 ಮಿಲಿಲೀಟರ್ ನೀರು. ಮುಚ್ಚಿ ಕುಲುಕಿ ಹತ್ತು ನಿಮಿಷ ಬಿಟ್ಟೆ. ಪೆಟ್ರೋಲ್ ಮೇಲೆ, ನೀರು ಕೆಳಗೆ. ಎಥನಾಲ್‌ಗೆ ಪೆಟ್ರೋಲಿಗಿಂತ ನೀರಿನ ನೆಂಟಸ್ತಿಕೆ ಹೆಚ್ಚು, ಹಾಗಾಗಿ ಅದು ಪೆಟ್ರೋಲ್ ಬಿಟ್ಟು ಕೆಳಗಿಳಿದು ನೀರಿಗೆ ಸೇರುತ್ತೆ. 20ರ ಗೆರೆಯಲ್ಲಿದ್ದ ನೀರು ಸಾಮಾನ್ಯ ಪೆಟ್ರೋಲಿನ ಜಾಡಿಯಲ್ಲಿ 35ರ ಹತ್ತಿರ ಬಂದು ನಿಂತಿತು. ಪ್ರೀಮಿಯಂ ಜಾಡಿಯಲ್ಲೂ ಹೆಚ್ಚೂಕಡಿಮೆ ಅಷ್ಟೇ. ಅಂದರೆ ನಾನು ತಂದ ಪ್ರೀಮಿಯಂ 95ರಲ್ಲೂ ಐದನೇ ಒಂದು ಪಾಲು ಎಥನಾಲ್. ನಿಮ್ಮ ದೋಸ್ತನಿಗೆ ಹೇಳಿಬಿಡಿ.

(ಮನೆಯಲ್ಲಿ ಅಡುಗೆಮನೆ ಹತ್ತಿರ ಯಾರೂ ಇದನ್ನ ಮಾಡಬೇಡಿ. ನಾನು ಬಯಲಲ್ಲಿ ಮಾಡಿದ್ದು, ಆದರೂ ಅಟೆಂಡರ್ ಬೈದ.)

ಈಗ ಅಸಲಿ ವಿಷಯಕ್ಕೆ ಬರ್ತೀನಿ. ಎಥನಾಲ್ ಸೇರಿಸಿದ್ರೆ ಆಕ್ಟೇನ್ ಏರುತ್ತೆ. ಹಿಂದೆ ನಮ್ಮ ಸಾಮಾನ್ಯ ಪೆಟ್ರೋಲ್ 88 ಇತ್ತು, ಆಮೇಲೆ 91 ಆಯ್ತು, ಇ20 ಬಂದ ಮೇಲೆ ಅದೇ 95 ಮುಟ್ಟಿದೆ. ಪೆಟ್ರೋಲಿಯಂ ಸಚಿವಾಲಯವೇ 2025ರ ಆಗಸ್ಟಲ್ಲಿ ಹೇಳಿದ ಮಾತಿದು. ಹಾಗಾದರೆ ಏಳೂವರೆ ರೂಪಾಯಿ ಹೆಚ್ಚು ಕೊಟ್ಟು 95 ತಗೊಳ್ಳೋರು ಯಾವ 95 ತಗೊಳ್ತಿದ್ದಾರೆ? ಆಕ್ಟೇನ್ ಲೆಕ್ಕದಲ್ಲಿ ಪಕ್ಕದ ನಾಜಲ್‌ನಲ್ಲಿ ಬರೋದೂ ಅದೇ. ನೀವು ಹೆಚ್ಚುವರಿ ದುಡ್ಡು ಕೊಡ್ತಿರೋದು ಅದರೊಳಗಿನ ಕ್ಲೀನಿಂಗ್ ಅಡಿಟಿವ್‌ಗೆ ಮಾತ್ರ. ನಂಗೆ ಆಶ್ಚರ್ಯ ಏನಂದ್ರೆ ಇ20 ಬೇಡ ಅಂತ ಬೈಯೋರೂ, 95 ಬೇಕು ಅಂತ ಹಠ ಹಿಡಿಯೋರೂ ಒಬ್ಬರೇ ಆಗಿರ್ತಾರೆ.

ಮೈಲೇಜ್ ಇಳಿದಿದ್ದು ನಿಜ. ಲೀಟರಿನಲ್ಲಿ ಇರೋ ಶಾಖದ ಲೆಕ್ಕ ಹಾಕಿದ್ರೆ ಎಥನಾಲ್ ಇಲ್ಲದ ಪೆಟ್ರೋಲಿಗಿಂತ ಇ20ಯಲ್ಲಿ ಸುಮಾರು 7 ಪರ್ಸೆಂಟ್ ಕಡಿಮೆ, ಇ10ಗಿಂತ ಮೂರೂವರೆ. ನಿಮ್ಮ 60, 55 ಆದದ್ದರಲ್ಲಿ ಬಹುಪಾಲು ಇದು, ಉಳಿದದ್ದು ಗಾಡಿಯ ವಯಸ್ಸು. ಇ20ಗೆ ತಾಳೋ ರಬ್ಬರ್, ಪೈಪು 2023ರ ಏಪ್ರಿಲ್‌ನಿಂದ ತಯಾರಾದ ಗಾಡಿಗಳಲ್ಲಿ ಬಂತು, ಇ20ಗೇ ಟ್ಯೂನ್ ಮಾಡಿದ ಇಂಜಿನ್ 2025ರ ಏಪ್ರಿಲ್‌ನಿಂದ. 2012ರ ಬೈಕಿಗೆ ಎರಡೂ ಇಲ್ಲ.

ಹುಬ್ಳಿ_ಮಂದಿ

ನಮ್ಮ ದೋಸ್ತ ಫೋನ್ ಎತ್ತವಲ್ಲ. 😄

ಡೆನ್ವರ್_ಕನ್ನಡಿಗ

ಹೊರಗಿಂದ ಓದ್ತಿರೋರಿಗೆ ಒಂದು ಗೊಂದಲ ಇರುತ್ತೆ, ಬರೆದುಬಿಡ್ತೀನಿ. ಅಮೆರಿಕದ ಬಂಕಲ್ಲಿ ಬರೆದಿರೋ ನಂಬರಿಗೂ ನಮ್ಮೂರಿನ ನಂಬರಿಗೂ ಹೋಲಿಸೋಕೆ ಹೋಗಬೇಡಿ. ಆಕ್ಟೇನ್ ಅಳೆಯೋಕೆ ಎರಡು ವಿಧಾನ. ಒಂದರಲ್ಲಿ ಟೆಸ್ಟ್ ಇಂಜಿನ್ ನಿಧಾನಕ್ಕೆ 600 ಆರ್‌ಪಿಎಂನಲ್ಲಿ ಓಡುತ್ತೆ, ಇನ್ನೊಂದರಲ್ಲಿ 900, ಮಿಶ್ರಣವೂ ಹೆಚ್ಚು ಬಿಸಿ. ಇಂಡಿಯಾದಲ್ಲಿ ಹೇಳೋದು ಮೊದಲನೆಯದನ್ನ. ಅಮೆರಿಕದಲ್ಲಿ ಎರಡರ ಸರಾಸರಿ ಬರೀತಾರೆ. ಅದಕ್ಕೇ ಇಲ್ಲಿನ 87 ಅಂದ್ರೆ ಇಂಡಿಯಾದ 91ರ ಆಸುಪಾಸು. ನಮ್ಮ ಅಪ್ಪ ಬಂದಾಗ "ಅಮೆರಿಕ ಅಂತಾರೆ, ಪೆಟ್ರೋಲ್ ನಮಗಿಂತ ಕಳಪೆ" ಅಂತ ಖುಷಿಪಟ್ಟಿದ್ರು, ಹೇಳಿ ಹಾಳು ಮಾಡೋಕೆ ಮನಸ್ಸು ಬರಲಿಲ್ಲ.

ನಾನಿರೋದು 1600 ಮೀಟರ್ ಎತ್ತರದ ಊರು. ಇಲ್ಲಿ 85ರ ಪೆಟ್ರೋಲೂ ಸಿಗುತ್ತೆ. ಗಾಳಿ ತೆಳು ಇರೋದರಿಂದ ಸಿಲಿಂಡರ್ ಒಳಗೆ ಒತ್ತಡ ಕಡಿಮೆ, ಹಳೇ ಇಂಜಿನ್‌ಗಳಿಗೆ ಅದು ಸಾಕಾಗ್ತಿತ್ತು. ಟರ್ಬೊ ಗಾಡಿಗೆ ಈ ವಿನಾಯ್ತಿ ಇಲ್ಲ, ಟರ್ಬೊ ತೆಳು ಗಾಳಿಯನ್ನೂ ಒತ್ತಿ ತುಂಬುತ್ತೆ.

ಪ್ರೀಮಿಯಂ ವಿಷಯದಲ್ಲಿ ಇಲ್ಲಿನ ಎಎಎ ಅನ್ನೋ ವಾಹನ ಸವಾರರ ಸಂಸ್ಥೆ ಎರಡು ಸಲ ಪರೀಕ್ಷೆ ಮಾಡಿದೆ. 2016ರಲ್ಲಿ ಸಾಮಾನ್ಯ ಪೆಟ್ರೋಲಿಗೇ ಮಾಡಿದ 4, 6, 8 ಸಿಲಿಂಡರ್ ವಾಹನಗಳಿಗೆ ಪ್ರೀಮಿಯಂ ಹಾಕಿ ನೋಡಿದ್ರು, ಹೇಳಿಕೊಳ್ಳೋ ಲಾಭ ಏನೂ ಸಿಗಲಿಲ್ಲ. ಬೇಡದಿದ್ದರೂ ಪ್ರೀಮಿಯಂ ಹಾಕಿಸಿ ಜನ ವರ್ಷಕ್ಕೆ 210 ಕೋಟಿ ಡಾಲರ್ ಪೋಲು ಮಾಡ್ತಿದ್ದಾರೆ ಅಂತ ಲೆಕ್ಕ ಕೊಟ್ರು. ಮಾರನೇ ವರ್ಷ "ಪ್ರೀಮಿಯಂ ಹಾಕಿದರೆ ಒಳ್ಳೇದು" ಅಂತ ಕಂಪನಿಯೇ ಹೇಳೋ ಗಾಡಿಗಳನ್ನ ತಗೊಂಡ್ರು. ಅಲ್ಲಿ ಮೈಲೇಜ್ ಸರಾಸರಿ 2.7 ಪರ್ಸೆಂಟ್, ಪವರ್ 1.4 ಪರ್ಸೆಂಟ್ ಏರಿತು. ಸೊನ್ನೆ ಅಲ್ಲ, ಆದರೆ ಮೇಲೆ ಒಬ್ಬರು ಹಾಕಿದ 7.3ರ ಲೆಕ್ಕದ ಹತ್ತಿರಕ್ಕೂ ಬರಲ್ಲ.

390_ಸವಾರ

ಸರಿ, ಒಪ್ಕೊಂಡೆ. ಹಾಗಾದ್ರೆ ಪ್ರೀಮಿಯಂ ಯಾರಿಗೆ ಅಂತ ಮಾರ್ತಾರೆ? ಸುಮ್ನೆ ಮೋಸಾನಾ?

ಸ್ಪ್ಯಾನರ್_ಸೀನಣ್ಣ

ಮೋಸ ಅಲ್ಲ ತಮ್ಮ. ಬೇಕಾದವರಿಗೆ ಬೇಕು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆಗೆದ್ರೆ ಒಳಗಡೆ ಸ್ಟಿಕ್ಕರ್ ಇರುತ್ತಲ್ಲ, ಅದನ್ನ ಓದು. ವಿದೇಶದಿಂದ ಬಂದ ದೊಡ್ಡ ಕಾರು, ಸೂಪರ್ ಬೈಕುಗಳಲ್ಲಿ ಕನಿಷ್ಠ 95 ಅಂತ, ಕೆಲವದರಲ್ಲಿ 98 ಅಂತ ಬರೆದಿರುತ್ತೆ. ಅಂಥದಕ್ಕೆ 97, 100 ಹಾಕೋದೇ ಸರಿ, ಅಲ್ಲಿ ಕಂಜೂಸ್ತನ ಮಾಡಬಾರದು. ಇಸಿಯು ಸೆಟ್ಟಿಂಗ್ ಬದಲಾಯಿಸಿ (ರೀಮ್ಯಾಪ್) ಟರ್ಬೊ ಒತ್ತಡ ಏರಿಸಿಕೊಂಡಿರೋ ಹುಡುಗರಿಗೂ ಅಷ್ಟೆ. 91 ಅಂತ ಬರೆದಿರೋ ಗಾಡಿಗೆ 100 ಹಾಕಿದ್ರೆ ಕೆಡೋದೂ ಇಲ್ಲ, ಉದ್ಧಾರ ಆಗೋದೂ ಇಲ್ಲ.

ಇನ್ನು ಅಡಿಟಿವ್. ಮೊದಲು ಬರ್ತಿದ್ದ "ಸ್ಪೀಡ್" ತರದ ಪೆಟ್ರೋಲ್ ಆಕ್ಟೇನ್‌ನಲ್ಲಿ 91 ಅಷ್ಟೇ, ಕ್ಲೀನಿಂಗ್ ಅಡಿಟಿವ್ ಮಾತ್ರ ಸೇರಿಸಿದ್ದು. ಜನಕ್ಕೆ ಇವೆರಡೂ ಬೇರೆ ಬೇರೆ ಅಂತ ಗೊತ್ತೇ ಆಗಲಿಲ್ಲ. ಅಡಿಟಿವ್‌ನಿಂದ ಇಂಜೆಕ್ಟರ್ ಸ್ವಲ್ಪ ಶುದ್ಧವಾಗಿರುತ್ತೆ, ಇದನ್ನ ನಾನು ಕೈಯಾರೆ ಬಿಚ್ಚಿ ನೋಡಿದೀನಿ. ಆದರೆ ಡೈರೆಕ್ಟ್ ಇಂಜೆಕ್ಷನ್ ಇಂಜಿನ್‌ನಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೆ ಹೋಗುತ್ತೆ, ಇಂಟೇಕ್ ವಾಲ್ವ್ ಮೇಲೆ ಬೀಳೋದೇ ಇಲ್ಲ. ವಾಲ್ವ್ ಮೇಲೆ ಕಟ್ಟೋ ಕಾರ್ಬನ್‌ಗೆ ಯಾವ ಪ್ರೀಮಿಯಂ ಬಂದ್ರೂ ಅಷ್ಟೆ. ಬೇಕಿದ್ರೆ ನಾಲ್ಕೈದು ಸಾವಿರ ಕಿಲೋಮೀಟರಿಗೆ ಒಂದು ಟ್ಯಾಂಕ್ ಹಾಕ್ಸಿ, ಅದಕ್ಕಿಂತ ಜಾಸ್ತಿ ನಾನು ಯಾರಿಗೂ ಹೇಳಲ್ಲ.

ಉಜಿರೆಯವರು ಎಲ್ಲಿ ಹೋದ್ರು? ಲಿಫ್ಟಿಗೆ ಹಾಕ್ಸಿದ್ರಾ?

ಉಜಿರೆ_ಟರ್ಬೊ

ಇದ್ದೇನೆ ಸೀನಣ್ಣ. ತಡ ಆಯ್ತು, ಮನೆಯಲ್ಲಿ ಒಂದು ಗೃಹಪ್ರವೇಶ ಇತ್ತು.

ನೀವು ಕೇಳಿದ ಮೂರೂ ಪ್ರಶ್ನೆ ಪರೀಕ್ಷೆ ಮಾಡಿದೆ. ಎರಡನೇ ಗೇರಿಗೆ ಇಳಿಸಿದರೆ ಸದ್ದು ಕಡಿಮೆ ಆಗ್ತದೆ, ನಿಲ್ಲುವುದಿಲ್ಲ. 1800 ಆರ್‌ಪಿಎಂ ಹತ್ತಿರ ಅತಿ ಜಾಸ್ತಿ. ಅಂಗಳದಲ್ಲಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೈಸ್ ಮಾಡಿದರೆ ಅಲ್ಲಿಯೂ ಅದೇ 1800ಕ್ಕೆ ಸಣ್ಣಗೆ ಬರ್ತದೆ! ಅಲ್ಲಿಗೇ ನನಗೆ ಅನುಮಾನ ಆಯ್ತು, ನಿಂತ ಗಾಡಿಗೆ ಲೋಡ್ ಎಲ್ಲಿಂದ? ಬೆಳ್ತಂಗಡಿಯಲ್ಲಿ ಪರಿಚಯದ ಒಬ್ಬರ ಗ್ಯಾರೇಜಿಗೆ ಹೋದೆ. ಅವರು ಗಾಡಿ ಎತ್ತಿ, ಸೈಲೆನ್ಸರ್ ಪೈಪಿನ ಮೇಲೆ ಇರುವ ತಗಡಿನ ಹೀಟ್ ಶೀಲ್ಡನ್ನು ಬೆರಳಲ್ಲಿ ತಟ್ಟಿದರು. ಅದೇ ಸದ್ದು. ಎರಡು ಬೋಲ್ಟಿನಲ್ಲಿ ಒಂದು ಇರಲೇ ಇಲ್ಲ, ಇನ್ನೊಂದು ಲೂಸ್. ನೂರು ರೂಪಾಯಿ ತಗೊಂಡ್ರು, ಅದೂ ನಾನು ಒತ್ತಾಯ ಮಾಡಿದ್ದಕ್ಕೆ.

ಮೈಲೇಜೂ ಅಳೆದೆ. ಮನೆ, ಆಫೀಸು, ವಾರಕ್ಕೊಮ್ಮೆ ಕೊಟ್ಟಿಗೆಹಾರ. ಒಂದೇ ಬಂಕ್, ಒಂದೇ ಪಂಪ್, ಮೊದಲ ಸಲ ಕಟ್ಟಾದಲ್ಲಿಗೇ ನಿಲ್ಲಿಸಿ ಎರಡೆರಡು ಟ್ಯಾಂಕ್. ಸಾಮಾನ್ಯದ್ದರಲ್ಲಿ 14.9 ಮತ್ತು 15.4. ಪ್ರೀಮಿಯಂನಲ್ಲಿ 15.3 ಮತ್ತು 15. ಇದರಿಂದ ಎಂತ ಹೇಳುವುದು?

ಮಧ್ಯಮವರ್ಗದ_ಲೆಕ್ಕ

ಸಾಮಾನ್ಯದ್ದರ ಸರಾಸರಿ 15.15. ಪ್ರೀಮಿಯಂ ಸರಾಸರಿಯೂ 15.15. ಬೇಕಂತಲೇ ಮಾಡಿದ ಹಾಗಿದೆ ಸ್ವಾಮಿ!

ಉಜಿರೆ_ಟರ್ಬೊ

ದೇವರಾಣೆ ಇಲ್ಲ. ನಾನು ಸರಾಸರಿ ತೆಗೆದೇ ಇರಲಿಲ್ಲ.

ಹಳೇ_ಆರೆಕ್ಸ್

ಸೀನಣ್ಣಂಗೆ ಒಂದು ಬೈಟು ಕಾಫಿ ಬಾಕಿ ಇದೆ ನಿಮ್ಮ ಕಡೆಯಿಂದ.

ಮಲ್ಲೇಶ್ವರ_ಸ್ಕೂಟರ್

ಹೊಸಬಳು, ಮಧ್ಯದಲ್ಲಿ ಬಾಯಿ ಹಾಕ್ತಿದೀನಿ. ಅಮ್ಮನ ಹಳೇ ಸ್ಕೂಟರ್ ಆರು ತಿಂಗಳಿಂದ ನಿಂತೇ ಇದೆ, ಟ್ಯಾಂಕಲ್ಲಿ ಅರ್ಧ ಪೆಟ್ರೋಲ್ ಇದೆ. ಅದರ ಮೇಲೆ ಪ್ರೀಮಿಯಂ ಹಾಕಿದ್ರೆ ಸ್ಟಾರ್ಟ್ ಆಗುತ್ತಾ?

ಸ್ಪ್ಯಾನರ್_ಸೀನಣ್ಣ

ಬೇಡಮ್ಮ. ಎಥನಾಲ್ ಇರೋ ಪೆಟ್ರೋಲ್ ಗಾಳಿಯಲ್ಲಿರೋ ನೀರಿನ ಪಸೆ ಎಳ್ಕೊಳ್ಳುತ್ತೆ. ಮೇಷ್ಟ್ರ ಜಾಡೀಲಿ ಆಗಿದ್ದೇ ಟ್ಯಾಂಕಿನ ತಳದಲ್ಲೂ ಆಗಿರಬಹುದು. ಕಿಕ್ ಹೊಡೀಬೇಡಿ, ಸೆಲ್ಫೂ ಒತ್ತಬೇಡಿ. ಮೊದಲು ಹಳೇದನ್ನ ಪೂರ್ತಿ ಇಳಿಸಿ, ಕಾರ್ಬ್ಯುರೇಟರ್ ಬೌಲ್ ಕೆಳಗಿನ ಡ್ರೈನ್ ಸ್ಕ್ರೂ ತೆಗೆದು ಅದನ್ನೂ ಖಾಲಿ ಮಾಡಿಸಿ. ಆಮೇಲೆ ಸಾಮಾನ್ಯ ಪೆಟ್ರೋಲೇ ಒಂದು ಲೀಟರ್ ಹಾಕಿ. ಪ್ಲಗ್ ಎಷ್ಟು ಹಳೇದು ಅಂತ ಅಮ್ಮನ್ನ ಕೇಳಿ ಹೇಳಿ.